ಕೈಕೊಡುವ ಕಂಪ್ಯೂಟರು ಮತ್ತು ರಿಚಿ ಸ್ಟ್ರೀಟು

2003ರ ಮೇ 31ರಂದು ಚೆನ್ನೈನ ನುಂಗಂಬಾಕ್ಕಂ ಹವಾಮಾನ ಕೇಂದ್ರದಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟಿತು. ತಮಿಳರು ಅಗ್ನಿ ನಕ್ಷತ್ರ ಎಂದು ಕರೆಯುವ ಕಡುಬೇಸಿಗೆಯ ಇಪ್ಪತ್ತೈದು ದಿನಗಳು ಪಂಚಾಂಗದ ಲೆಕ್ಕದಲ್ಲಿ ಅಷ್ಟರಲ್ಲಿ ಮುಗಿದಿದ್ದವು. ಬಿಸಿಲು ಮಾತ್ರ ಪಂಚಾಂಗ ನೋಡಲಿಲ್ಲ. ಮನೆಯೊಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದ ಆ ದಿನಗಳಲ್ಲಿ, ಹಾಲಿನ ಮೂಲೆಯ ಮೇಜಿನ ಕೆಳಗೆ ಗೋಡೆಗೆ ಒತ್ತಿ ಇಟ್ಟ ತಗಡಿನ ಪೆಟ್ಟಿಗೆಯ ಒಳಗಿನ ಸ್ಥಿತಿ ಹೊರಗಿನದಕ್ಕಿಂತ ಕೆಟ್ಟದಾಗಿತ್ತು.

ಆ ಪೆಟ್ಟಿಗೆಯೇ ಮನೆಯ ಕಂಪ್ಯೂಟರು. ಅದರ ಬಗ್ಗೆ ಆಗ ಕೇಳಿಬರುತ್ತಿದ್ದ ದೂರು ಬಹುತೇಕ ಒಂದೇ ತೆರನದ್ದು. ಮಧ್ಯಾಹ್ನ ಎರಡಕ್ಕೆ ನಿಂತುಬಿಡುತ್ತದೆ, ರಾತ್ರಿ ಸರಿಯಾಗಿರುತ್ತದೆ. ಒಮ್ಮೊಮ್ಮೆ ನೀಲಿ ಪರದೆ, ಒಮ್ಮೊಮ್ಮೆ ತಾನಾಗಿಯೇ ರೀಸ್ಟಾರ್ಟ್. ಅಂಗಡಿಗೆ ಹೊತ್ತುಕೊಂಡು ಹೋದರೆ ದಿನವಿಡೀ ಅಚ್ಚುಕಟ್ಟಾಗಿ ಓಡುತ್ತದೆ. ಮನೆಗೆ ತಂದ ಮರುದಿನ ಮತ್ತೆ ಅದೇ ಕತೆ. ಈ ಕೈಕೊಡುವಿಕೆಗೆ ಒಂದು ಇತಿಹಾಸವಿದೆ. ಅದರಲ್ಲಿ ತೈವಾನಿನ ಕಾರ್ಖಾನೆಗಳು, ದಕ್ಷಿಣ ಭಾರತದ ವಿದ್ಯುತ್ ಜಾಲ, ಅಮೆರಿಕದ ನದಿಯೊಂದರ ನೀರು, ಚೆನ್ನೈನ ಒಂದು ಇಕ್ಕಟ್ಟಿನ ಬೀದಿ ಎಲ್ಲವೂ ಸೇರಿವೆ.

ಮಗ್ಗದ ಪೇಟೆಯ ಪಕ್ಕ

ಬೆಂಗಳೂರಿನವರಿಗೆ ಎಸ್.ಪಿ. ರೋಡ್, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್, ದಿಲ್ಲಿಯವರಿಗೆ ನೆಹರೂ ಪ್ಲೇಸ್ ಹೇಗೋ ಚೆನ್ನೈನವರಿಗೆ ರಿಚಿ ಸ್ಟ್ರೀಟ್ ಹಾಗೆ. ಅಣ್ಣಾ ಸಾಲೈಯಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಸಿಗುವ ಈ ಬೀದಿ ನರಸಿಂಗಪುರಂ ಸ್ಟ್ರೀಟ್, ಮೀರಾನ್ ಸಾಹಿಬ್ ಸ್ಟ್ರೀಟ್‌ಗಳಿಗೂ ಹರಡಿಕೊಂಡಿದೆ. ಪಕ್ಕದ ಚಿಂತಾದ್ರಿಪೇಟೆ 1734ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನೇಕಾರರಿಗಾಗಿ ಕಟ್ಟಿಸಿದ ಬಡಾವಣೆ. ಚಿನ್ನ ತರಿ ಪೇಟೈ, ಅಂದರೆ ಸಣ್ಣ ಮಗ್ಗಗಳ ಪೇಟೆ ಎಂಬುದರಿಂದ ಆ ಹೆಸರು ಬಂತೆನ್ನುತ್ತಾರೆ. ರಿಚಿ ಸ್ಟ್ರೀಟಿನಲ್ಲಿ ಮೊದಲು ರೇಡಿಯೋ ಬಿಡಿಭಾಗಗಳು, ಆಮೇಲೆ ಟೀವಿ ಮತ್ತು ಟೇಪ್ ರೆಕಾರ್ಡರಿನವು, ಕೊನೆಗೆ ಕಂಪ್ಯೂಟರಿನವು ಮಾರಾಟಕ್ಕೆ ಬಂದವು.

ಈ ಬದಲಾವಣೆಯ ಹಿಂದೆ ದಿಲ್ಲಿಯ ನಿರ್ಧಾರಗಳಿದ್ದವು. 1984ರ ನವೆಂಬರಿನ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. 1991ರ ಉದಾರೀಕರಣ ಬಾಗಿಲನ್ನು ಇನ್ನಷ್ಟು ತೆರೆಯಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಟ್ಟಾಗ ಮೊದಲ ಊರುಗಳಲ್ಲಿ ಮದ್ರಾಸೂ ಇತ್ತು; ಅದು ಚೆನ್ನೈ ಆದದ್ದು ಮರುವರ್ಷ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಬಿಡಿಭಾಗಗಳ ಮೇಲಿನ ಸುಂಕ ಹಂತಹಂತವಾಗಿ ಇಳಿಯಿತು.

ಕಂಪನಿಯ ಹೆಸರಿನ ಕಂಪ್ಯೂಟರು ಮಧ್ಯಮ ವರ್ಗದ ಮನೆಗೆ ದುಬಾರಿ. ಮದರ್‌ಬೋರ್ಡ್ ಒಂದು ಅಂಗಡಿಯಿಂದ, ರ‍್ಯಾಮ್ ಇನ್ನೊಂದರಿಂದ, ಕ್ಯಾಬಿನೆಟ್ ಮತ್ತೊಂದರಿಂದ ತಂದು ಜೋಡಿಸಿದ ‘ಅಸೆಂಬಲ್ಡ್’ ಯಂತ್ರ ಕೈಗೆಟಕುವಂಥದ್ದು. ಅದರ ತೊಡಕೂ ಅಲ್ಲೇ ಇತ್ತು. ಇಡೀ ಯಂತ್ರಕ್ಕೆ ಹೊಣೆಗಾರರೇ ಇರಲಿಲ್ಲ. ರ‍್ಯಾಮ್ ಮಾರಿದವರು ಬೋರ್ಡಿನ ಕಡೆ ಬೆರಳು ತೋರಿಸಿದರೆ, ಬೋರ್ಡು ಮಾರಿದವರು ಕರೆಂಟಿನ ಕಡೆ ತೋರಿಸುತ್ತಿದ್ದರು. ಎಲ್ಲರೂ ಸೇರಿ ಬೆರಳು ತೋರಿಸುತ್ತಿದ್ದದ್ದು ವಿಂಡೋಸ್ ಕಡೆಗೆ.

ಮೊದಲ ಆರೋಪಿ

ವಿಂಡೋಸನ್ನು ದೂರಲು ಕಾರಣಗಳಿದ್ದವು. 1998ರ ಏಪ್ರಿಲಿನಲ್ಲಿ ಬಿಲ್ ಗೇಟ್ಸ್ ಅವರ ಎದುರಿಗೇ, ತುಂಬಿದ ಸಭೆಯಲ್ಲಿ, ಸ್ಕ್ಯಾನರೊಂದನ್ನು ಜೋಡಿಸಿದ ಕೂಡಲೇ ವಿಂಡೋಸ್ 98 ನೀಲಿ ಪರದೆ ತೋರಿಸಿತ್ತು. ವಿಂಡೋಸ್ 95 ಮತ್ತು 98ರಲ್ಲಿ ಒಂದು ಪ್ರೋಗ್ರಾಮಿನ ತಪ್ಪು ಇಡೀ ವ್ಯವಸ್ಥೆಯನ್ನೇ ಕೆಡವಬಹುದಾಗಿತ್ತು. 2001ರಲ್ಲಿ ಬಂದ ಎಕ್ಸ್‌ಪಿ ಇದಕ್ಕಿಂತ ಗಟ್ಟಿ. ಆದರೆ ಅದರಲ್ಲಿ ಬೇರೊಂದು ತೊಂದರೆ ಇತ್ತು. ನೀಲಿ ಪರದೆ ಬಂದ ತಕ್ಷಣ ತಾನೇ ರೀಸ್ಟಾರ್ಟ್ ಆಗುವಂತೆ ಅದನ್ನು ಮೊದಲೇ ಹೊಂದಿಸಲಾಗಿತ್ತು. ಕಾಯಿಲೆಯ ಹೆಸರು ಬರೆದ ಚೀಟಿ ಕಣ್ಣಿಗೆ ಬೀಳುವ ಮೊದಲೇ ಹರಿದುಹೋಗುತ್ತಿತ್ತು. ಓದಲು ಸಿಕ್ಕರೂ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂಬ ಸಾಲಿನಿಂದ ಮನೆಯವರಿಗೆ ತಿಳಿಯುವುದು ಏನೂ ಇರಲಿಲ್ಲ.

ಇದರ ನಡುವೆ ವೈರಸ್. ಚೆರ್ನೋಬಿಲ್ ಎಂದು ಹೆಸರಾದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಏಷ್ಯಾದ ಊರೂರುಗಳಲ್ಲಿ ಹಾರ್ಡ್ ಡಿಸ್ಕ್ ಅಳಿಸಿತು. ಕೆಲವು ಬೋರ್ಡುಗಳ ಬಯೋಸ್ ಚಿಪ್ಪನ್ನೂ ಕೆಡಿಸಿತು. ತಂತ್ರಾಂಶದ ದಾಳಿ ಯಂತ್ರಾಂಶದ ಸಾವಿನಂತೆ ಕಂಡ ದಿನ ಅದು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಹುಳು ಬಂದಾಗ ಎಕ್ಸ್‌ಪಿ ಯಂತ್ರಗಳು ಅರವತ್ತು ಸೆಕೆಂಡಿನ ಎಣಿಕೆ ತೋರಿಸಿ ರೀಸ್ಟಾರ್ಟ್ ಆಗುತ್ತಿದ್ದವು. ಇಂಟರ್ನೆಟ್ ಜೋಡಿಸಿದರೆ ಮತ್ತೆ ಅದೇ ಎಣಿಕೆ. ಮೈಕ್ರೋಸಾಫ್ಟ್ ಜುಲೈಯಲ್ಲೇ ಇದಕ್ಕೆ ತೇಪೆ ಬಿಡುಗಡೆ ಮಾಡಿತ್ತು. ಆದರೆ ಕದ್ದ ಸೀಡಿಯ ವಿಂಡೋಸ್ ಹಾಕಿಸಿಕೊಂಡ, ಡಯಲ್-ಅಪ್‌ನ ನಿಮಿಷಗಳನ್ನು ಎಣಿಸುವ ಮನೆಗಳಲ್ಲಿ ತೇಪೆ ಹಾಕಿಕೊಳ್ಳುವ ಅಭ್ಯಾಸವೇ ಇರಲಿಲ್ಲ.

ಹೀಗಾಗಿ ಎಲ್ಲ ಕಾಯಿಲೆಗೂ ಒಂದೇ ಮದ್ದು ಎಂಬಂತಾಯಿತು: ಫಾರ್ಮ್ಯಾಟ್ ಮಾಡಿ ವಿಂಡೋಸ್ ಮತ್ತೆ ಹಾಕುವುದು. ಅದರ ಜೊತೆಗೆ ಮದುವೆಯ ಫೋಟೋಗಳು, ಮಕ್ಕಳ ಪ್ರಾಜೆಕ್ಟು, ಸಣ್ಣ ಅಂಗಡಿಯ ಲೆಕ್ಕ ಅಳಿಸಿಹೋಗುತ್ತಿದ್ದವು. ತಪ್ಪು ಪತ್ತೆಯ ನಿಜವಾದ ಬೆಲೆ ಇದು. ರೋಗ ಬೇರೆಡೆ ಇದ್ದರೆ ಮೂರನೆಯ ದಿನ ನೀಲಿ ಪರದೆ ಮತ್ತೆ ಬರುತ್ತಿತ್ತು, ಫೋಟೋಗಳು ಮಾತ್ರ ಬರುತ್ತಿರಲಿಲ್ಲ.

ಇಪ್ಪತ್ತು ಮಿಲಿಸೆಕೆಂಡು

ಎರಡನೆಯ ಆರೋಪಿ ಗೋಡೆಯೊಳಗಿತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡು. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟು ಹೋದ ಮೇಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೋರ್ಡನ್ನು ಜೀವದಿಂದಿಡಬಲ್ಲದು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿದಷ್ಟು ಕೊರತೆಯಾದರೂ, ಅಗ್ಗದ ಇಲ್ಲವೇ ಹಳತಾದ ಎಸ್‌ಎಂಪಿಎಸ್ ಸೋಲುತ್ತದೆ. ಮನೆಯವರಿಗೆ ಕರೆಂಟು ಹೋದದ್ದೇ ಗೊತ್ತಾಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಸಂಜೆ ಬೀದಿಯ ಎಲ್ಲ ಮನೆಗಳ ಎಸಿ ಮತ್ತು ನೀರಿನ ಮೋಟಾರು ಒಟ್ಟಿಗೆ ಶುರುವಾದಾಗ ಯಂತ್ರ ಬೀಳುತ್ತಿದ್ದರೆ ಕಾರಣ ಇದೇ ಇರಬಹುದು. ಅಂಗಡಿಯ ಮೇಜಿನ ಮೇಲೆ ಅದೇ ಯಂತ್ರ ಸುಸೂತ್ರವಾಗಿ ಓಡುತ್ತಿದ್ದ ಒಗಟಿಗೂ ಉತ್ತರ ಇಲ್ಲಿದೆ. ಬೇರೆ ಲೈನು, ಬೇರೆ ಅರ್ಥಿಂಗು, ಮುಚ್ಚಳ ತೆಗೆದಿಟ್ಟ ಕ್ಯಾಬಿನೆಟ್ಟು. ರೋಗಿಯ ಜೊತೆ ರೋಗದ ಜಾಗ ಬಂದಿರುತ್ತಿರಲಿಲ್ಲ.

ಜಾಲದ ಮಟ್ಟದಲ್ಲೂ ಎಲ್ಲ ಸರಿಯಿರಲಿಲ್ಲ. ದಕ್ಷಿಣದ ರಾಜ್ಯಗಳ ಜಾಲ ಬಹುಕಾಲ ಬೇಡಿಕೆಗೆ ಸಾಲದ ಉತ್ಪಾದನೆಯಿಂದ ಏದುಸಿರು ಬಿಡುತ್ತಿತ್ತು. ಕೊರತೆಯ ಹೊತ್ತಿನಲ್ಲಿ 50 ಹರ್ಟ್ಸ್ ಇರಬೇಕಾದ ಆವರ್ತನ 49ಕ್ಕಿಂತ ಕೆಳಗಿಳಿಯುತ್ತಿತ್ತು. ಆವರ್ತನಕ್ಕೆ ಬೆಲೆ ಕಟ್ಟುವ ಹೊಸ ದರ ಪದ್ಧತಿ 2003ರ ಜನವರಿಯಲ್ಲಿ ದಕ್ಷಿಣದಲ್ಲಿ ಜಾರಿಯಾದ ಮೇಲೆ ಆ ಶಿಸ್ತು ಸುಧಾರಿಸಿತು. ಕೊರತೆ ತೀರಲಿಲ್ಲ. 2012ರ ಫೆಬ್ರವರಿಯಿಂದ ಚೆನ್ನೈನಲ್ಲಿ ದಿನಕ್ಕೆ ಎರಡು ಗಂಟೆ ನಿಗದಿತ ಕಡಿತ. ತಮಿಳುನಾಡಿನ ಉಳಿದ ಊರುಗಳ ಪಾಡು ಅದಕ್ಕಿಂತ ಬಹಳ ಕೆಟ್ಟದ್ದು. ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ತಾಳಕ್ಕೆ ಬಂದದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ತಂತಿಯ ಮೂಲಕ.

ಉಬ್ಬಿದ ಡಬ್ಬಿಗಳು

ಮೂರನೆಯ ಆರೋಪಿಯನ್ನು ಬರಿಗಣ್ಣಿನಿಂದಲೇ ಹಿಡಿಯಬಹುದಾಗಿತ್ತು, ಕ್ಯಾಬಿನೆಟ್ ತೆರೆದರೆ. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿನ ಸುತ್ತ ಸಾಲಾಗಿ ನಿಂತ ಕಿರುಬೆರಳಿನ ತುದಿಯಷ್ಟು ಗಾತ್ರದ ಡಬ್ಬಿಗಳೇ ಕೆಪಾಸಿಟರುಗಳು. ಎಸ್‌ಎಂಪಿಎಸ್‌ನಿಂದ ಬಂದ ಕರೆಂಟಿನ ಏರಿಳಿತವನ್ನು ಸಮ ಮಾಡಿ ಪ್ರೊಸೆಸರಿಗೆ ಉಣಿಸುವುದು ಅವುಗಳ ಕೆಲಸ. ಒಳಗಿನ ದ್ರವ ಒಣಗಿದರೆ ಅಥವಾ ಅನಿಲವಾದರೆ ಡಬ್ಬಿಯ ನೆತ್ತಿ ಉಬ್ಬುತ್ತದೆ, ಕಂದು ಅಂಟು ಸೋರುತ್ತದೆ. ಯಂತ್ರ ಒಮ್ಮೆಗೇ ಸಾಯುವುದಿಲ್ಲ. ಭಾರದ ಕೆಲಸ ಕೊಟ್ಟಾಗ ಬೀಳುತ್ತದೆ, ಸುಮ್ಮನಿದ್ದಾಗ ಏಳುತ್ತದೆ.

1999ರ ಹೊತ್ತಿಗೆ ಶುರುವಾಗಿ ಹಲವು ವರ್ಷ ಲೋಕದಾದ್ಯಂತ ಬೋರ್ಡುಗಳು ಹೀಗೆ ಸತ್ತವು. ಇದಕ್ಕೆ ಕೆಪಾಸಿಟರ್ ಪ್ಲೇಗ್ ಎಂದೇ ಹೆಸರಾಯಿತು. ತೈವಾನಿನ ಕೆಲವು ತಯಾರಕರು ಬಳಸಿದ ದ್ರವದ ಸೂತ್ರ ಅಪೂರ್ಣವಾಗಿತ್ತು, ಅದು ಕದ್ದ ಸೂತ್ರ ಎಂಬ ವರದಿಗಳು 2002-03ರಲ್ಲಿ ಬಂದವು. ದೊಡ್ಡ ಕಂಪನಿಗಳೂ ಪಾರಾಗಲಿಲ್ಲ. ಇಂಥ ಬೋರ್ಡುಗಳ ರಿಪೇರಿಗೆ ಡೆಲ್ 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ಚೆನ್ನೈನ ಬಿಸಿಲು ಈ ಕತೆಗೆ ಸೇರುವುದು ಒಂದು ಸರಳ ಲೆಕ್ಕದಿಂದ. ಇಂಥ ಕೆಪಾಸಿಟರಿನ ಬಿಸಿ ಹತ್ತು ಡಿಗ್ರಿ ಹೆಚ್ಚಿದರೆ ಆಯಸ್ಸು ಅರ್ಧವಾಗುತ್ತದೆ ಎನ್ನುವುದು ಎಂಜಿನಿಯರುಗಳ ರೂಢಿಯ ಸೂತ್ರ. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ನಮೂದಾದ ಒಳ್ಳೆಯ ಡಬ್ಬಿ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ಹತ್ತು ಗಂಟೆಯಂತೆ ಎಂಟು ವರ್ಷ ದಾಟುತ್ತದೆ. 75 ಡಿಗ್ರಿಯಲ್ಲಿ ಅದೇ ಡಬ್ಬಿಗೆ ನಾಲ್ಕು ವರ್ಷ ಚಿಲ್ಲರೆ. ತಂಪು ನಾಡಿನಲ್ಲಿ ಯಂತ್ರ ಹಳತಾಗಿ ಮೂಲೆ ಸೇರುವವರೆಗೂ ಬಯಲಾಗದ ದೌರ್ಬಲ್ಯ, ಫ್ಯಾನಿಗೆ ಧೂಳು ಮೆತ್ತಿದ ಚೆನ್ನೈನ ಹಾಲಿನಲ್ಲಿ ಬೇಗ ಬಯಲಾಗುತ್ತದೆ. ಸೋರಿದ ಡಬ್ಬಿಗಳನ್ನು ಸೋಲ್ಡರಿಂಗ್ ಐರನ್ನಿನಿಂದ ಕಿತ್ತು ಹೊಸದನ್ನು ಕೂರಿಸಿದರೆ ಬೋರ್ಡು ಬದುಕುತ್ತಿತ್ತು. ರೇಡಿಯೋ ರಿಪೇರಿ ಕಲಿತ ಕೈಗಳಿಗೆ ಅದು ಹೊಸ ವಿದ್ಯೆಯೇನಲ್ಲ.

ನೆನಪಿನ ತಪ್ಪು

ನಾಲ್ಕನೆಯದು ಹಿಡಿಯಲು ಎಲ್ಲಕ್ಕಿಂತ ಕಷ್ಟ: ರ‍್ಯಾಮ್. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರೇ ವುಡ್ಸ್, ಮೆಮೊರಿ ಚಿಪ್ಪಿನ ಬಿಟ್‌ಗಳು ಕಾರಣವಿಲ್ಲದೆ ತಿರುಗಿಬೀಳುತ್ತಿದ್ದದ್ದರ ಮೂಲವನ್ನು ಚಿಪ್ಪಿನ ಪಿಂಗಾಣಿ ಹೊದಿಕೆಯಲ್ಲಿ ಕಂಡರು. ಹೊದಿಕೆಯ ಕಾರ್ಖಾನೆ ಬಳಸುತ್ತಿದ್ದ ನದಿನೀರಿನಲ್ಲಿ ಹಳೆಯ ಯುರೇನಿಯಂ ಗಣಿಯ ಅಂಶ ಬೆರೆತಿತ್ತು. ಅದು ಸೂಸುವ ಆಲ್ಫಾ ಕಣಗಳು ಬಿಟ್‌ಗಳನ್ನು ಕೆಡವುತ್ತಿದ್ದವು.

ಇಂಥ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಸರ್ವರುಗಳಿಗೆ ಸಿಕ್ಕಿತು, ಮನೆಯ ಯಂತ್ರಗಳಿಗೆ ಸಾಮಾನ್ಯವಾಗಿ ಸಿಗಲಿಲ್ಲ. ತಪ್ಪು ಎಷ್ಟು ಸಾಮಾನ್ಯ ಎಂಬುದು 2009ರಲ್ಲಿ ಗೂಗಲ್ ತನ್ನ ಸರ್ವರುಗಳ ಲೆಕ್ಕ ಹೊರಹಾಕಿದಾಗ ತಿಳಿಯಿತು: ವರ್ಷಕ್ಕೆ ನೂರರಲ್ಲಿ ಎಂಟಕ್ಕಿಂತ ಹೆಚ್ಚು ರ‍್ಯಾಮ್ ಪಟ್ಟಿಗಳು ತಪ್ಪು ಮಾಡುತ್ತಿದ್ದವು. ಅಲ್ಲಿ ಅದನ್ನು ಯಂತ್ರವೇ ಎಣಿಸಿತ್ತು. ಮನೆಯಲ್ಲಿ ಅದೇ ತಪ್ಪು ನೀಲಿ ಪರದೆಯಾಗಿ ಬಂದು ವಿಂಡೋಸಿನ ಖಾತೆಗೆ ಜಮೆಯಾಗುತ್ತಿತ್ತು. ಪತ್ತೆಗೆ ದಾರಿ ಇರಲಿಲ್ಲವೆಂದಲ್ಲ. ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಮೆಮ್‌ಟೆಸ್ಟ್86 ಎಂಬ ಪುಟ್ಟ ಪ್ರೋಗ್ರಾಮನ್ನು ಫ್ಲಾಪಿಯಿಂದ ರಾತ್ರಿಯಿಡೀ ಓಡಿಸಿದರೆ ಕೆಟ್ಟ ರ‍್ಯಾಮ್ ಸಾಮಾನ್ಯವಾಗಿ ಸಿಕ್ಕಿಬೀಳುತ್ತಿತ್ತು. ಅದಕ್ಕೂ ಮೊದಲಿನ ಮದ್ದು ಶಾಲೆಯ ರಬ್ಬರು: ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಹಲ್ಲುಗಳನ್ನು ಉಜ್ಜಿ, ಮತ್ತೆ ಕೂರಿಸುವುದು. ಕಡಲ ತೇವದ ಊರಿನಲ್ಲಿ ಎಷ್ಟೋ ಸಲ ಅಷ್ಟೇ ಸಾಕಾಗುತ್ತಿತ್ತು.

ಬದಲಿಸಿ ನೋಡುವ ವಿದ್ಯೆ

2011ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಸುಮಾರು ಹತ್ತು ಲಕ್ಷ ಗ್ರಾಹಕರ ಕಂಪ್ಯೂಟರುಗಳ ವರದಿಗಳನ್ನು ಜಾಲಾಡಿದರು. ಯಂತ್ರಾಂಶದ ದೋಷದಿಂದ ಒಮ್ಮೆ ಬಿದ್ದ ಯಂತ್ರ ಮತ್ತೆ ಬೀಳುವ ಸಾಧ್ಯತೆ ನೂರು ಪಟ್ಟಿನವರೆಗೂ ಹೆಚ್ಚು ಎಂದು ಕಂಡಿತು. ಹೆಸರಿಲ್ಲದ ಜೋಡಣೆಯ ಯಂತ್ರಗಳಿಗಿಂತ ಕಂಪನಿಯ ಯಂತ್ರಗಳು ಹೆಚ್ಚು ಗಟ್ಟಿ ಎಂಬುದೂ ಅಲ್ಲಿತ್ತು. ರಿಚಿ ಸ್ಟ್ರೀಟಿನ ಗಿರಾಕಿಗೆ ಎರಡೂ ಅನುಭವದಿಂದ ಗೊತ್ತಿದ್ದವು. ಪದೇ ಪದೇ ಬೀಳುವುದು ದುರದೃಷ್ಟವಲ್ಲ, ಒಳಗೆಲ್ಲೋ ಒಂದು ಭಾಗ ಕೆಟ್ಟಿದೆ ಎಂಬುದರ ಗುರುತು.

ಆ ಭಾಗವನ್ನು ಹುಡುಕುವ ದಾರಿ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡುವುದು. ಮೊದಲು ಬೇರೆ ಎಸ್‌ಎಂಪಿಎಸ್, ಆಮೇಲೆ ಬೇರೆ ರ‍್ಯಾಮ್, ಆಮೇಲೆ ಬೇರೆ ಡಿಸ್ಕ್. ಎರಡನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಯಾಗಬಹುದು, ಕಾರಣ ತಿಳಿಯುವುದಿಲ್ಲ. ಹಣವೂ ಎರಡರದ್ದು ಹೋಗುತ್ತದೆ. ಮನೆಯಲ್ಲಿ ಇದನ್ನು ಮಾಡಲಾಗದು, ಯಾಕೆಂದರೆ ಮನೆಯಲ್ಲಿ ಎರಡನೆಯ ರ‍್ಯಾಮ್ ಇರುವುದಿಲ್ಲ. ಬೀದಿಯಲ್ಲಿ ಇರುತ್ತದೆ. ಎದುರಿನ ಅಂಗಡಿಯಿಂದ ಅರ್ಧ ಗಂಟೆಗೆಂದು ಒಂದು ಪಟ್ಟಿ ಎರವಲು ತಂದು ಹಾಕಿ ನೋಡಬಹುದಾದ ಜಾಗವೇ ಅಂಥ ಬೀದಿಗಳ ನಿಜವಾದ ಬಂಡವಾಳ.

2015ರ ಡಿಸೆಂಬರಿನ ನೆರೆಯಲ್ಲಿ ನೆಲಮಹಡಿಗಳು ಮುಳುಗಿದಾಗಲೂ ಈ ವಿದ್ಯೆಗೆ ಕೆಲಸವಿತ್ತು. ನೀರು ಹೊಕ್ಕ ಬೋರ್ಡು ಒಣಗಿದ ಮೇಲೆ ಓಡಿದರೂ, ಒಳಗೆ ಹಿಡಿದ ಕಿಲುಬು ತಿಂಗಳುಗಳ ನಂತರ ಕೈಕೊಡಿಸಬಲ್ಲದು.

ಈಗ ಆ ಜಾಗ ಕಿರಿದಾಗುತ್ತಿದೆ. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕಿತ್ತು ರಬ್ಬರಿನಿಂದ ಉಜ್ಜಲು, ಎರವಲು ತಂದು ಹಾಕಿ ನೋಡಲು ಅಲ್ಲಿ ಏನೂ ಇಲ್ಲ. ಒಂದು ಚಿಪ್ಪು ಕೆಟ್ಟರೆ ಇಡೀ ಬೋರ್ಡು. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಪೋರ್ಟಲ್ ತೆರೆಯಿತು. ಹಕ್ಕು ಕಾಗದದಲ್ಲಿ ಬಂದರೂ ಬಿಚ್ಚಲಾಗದ ಯಂತ್ರದ ಮುಂದೆ ಅದು ಎಷ್ಟು ನಡೆಯುತ್ತದೆ ಎಂಬುದು ಇನ್ನೂ ಉಳಿದಿರುವ ಪ್ರಶ್ನೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದು, ಎದ್ದು, ಮತ್ತೆ ಬಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಎಷ್ಟೋ ಯಂತ್ರಗಳನ್ನು ದೂರದಿಂದ ಸರಿಪಡಿಸಲಾಗಲಿಲ್ಲ. ಯಾರಾದರೂ ಒಂದೊಂದು ಯಂತ್ರದ ಮುಂದೆ ಹೋಗಿ ಕುಳಿತು, ಸೇಫ್ ಮೋಡಿನಲ್ಲಿ ಎಬ್ಬಿಸಿ, ಒಂದು ಫೈಲು ಅಳಿಸಬೇಕಾಯಿತು. ಆ ದಿನ ಅದನ್ನು ಮಾಡಿದವರ ಕೆಲಸ, ತಗಡಿನ ಪೆಟ್ಟಿಗೆಗಳ ಮುಂದೆ ಕೂತು ಒಂದೊಂದೇ ಭಾಗ ಬದಲಿಸಿ ನೋಡುತ್ತಿದ್ದ ರಿಪೇರಿಯವರ ಕೆಲಸಕ್ಕಿಂತ ಬೇರೆಯೇನಲ್ಲ.