ಬ್ರೂನೈ ಸುಲ್ತಾನಶಾಹಿ ಮತ್ತು ಮಲೇಷ್ಯ ಒಕ್ಕೂಟ: ಇತಿಹಾಸ

ಬೊರ್ನಿಯೊ ದ್ವೀಪದ ಉತ್ತರ ಕರಾವಳಿಯಲ್ಲಿ ಸುಲ್ತಾನರ ಆಳ್ವಿಕೆಯಲ್ಲಿರುವ ಪುಟ್ಟ ದೇಶ ಬ್ರೂನೈ. ವಿಸ್ತೀರ್ಣ 5,765 ಚದರ ಕಿಲೋಮೀಟರ್. ಕಡಲ ಕಡೆಯೊಂದನ್ನು ಬಿಟ್ಟರೆ ಸುತ್ತಲೂ ಮಲೇಷ್ಯ ಒಕ್ಕೂಟದ ಸರವಾಕ್ ರಾಜ್ಯ. ದೇಶವೂ ಒಂದೇ ತುಂಡಲ್ಲ. ಸರವಾಕ್‌ಗೆ ಸೇರಿದ ಲಿಂಬಾಂಗ್ ನದಿಯ ಬಯಲು ನಡುವೆ ಹಾಯ್ದು ಅದನ್ನು ಎರಡಾಗಿ ಸೀಳಿದೆ. ಇಡೀ ದ್ವೀಪಕ್ಕೆ ಬೊರ್ನಿಯೊ ಎಂಬ ಹೆಸರು ಬಂದದ್ದು ಇದೇ ಬ್ರೂನೈಯಿಂದ. ದ್ವೀಪಕ್ಕೆ ಹೆಸರು ಕೊಟ್ಟ ರಾಜ್ಯ ಇಷ್ಟಕ್ಕೆ ಇಳಿದದ್ದು ಹೇಗೆಂದು ತಿಳಿಯದೆ ಅದು ಮಲೇಷ್ಯವನ್ನು ಏಕೆ ಸೇರಲಿಲ್ಲವೆಂಬುದು ಅರ್ಥವಾಗದು.

1521ರಲ್ಲಿ ಮೆಗಲನ್ ಪಡೆಯ ಅಳಿದುಳಿದ ಹಡಗುಗಳು ಬ್ರೂನೈ ಮುಟ್ಟಿದಾಗ ಅವುಗಳಲ್ಲಿದ್ದ ಇಟಲಿಯ ಪಿಗಾಫೆಟ್ಟ ಕಂಡದ್ದನ್ನು ಬರೆದಿಟ್ಟ. ಎತ್ತರದ ಕಂಬಗಳ ಮೇಲೆ ನೀರಿನಲ್ಲೇ ನಿಂತ ಮರದ ಮನೆಗಳು. ಅವನ ಲೆಕ್ಕದಲ್ಲಿ 25,000 ಒಲೆಗಳು. ಉಬ್ಬರ ಬಂದಾಗ ಹೆಂಗಸರು ದೋಣಿಗಳಲ್ಲಿ ಕೂತು ವ್ಯಾಪಾರಕ್ಕೆ ಹೊರಡುತ್ತಿದ್ದರು. ಬಂದವರನ್ನು ಆನೆಗಳ ಮೇಲೆ ಅರಮನೆಗೆ ಕರೆದೊಯ್ದರು. ಆದರೆ ಅರಸನೊಡನೆ ನೇರ ಮಾತಿಲ್ಲ: ಹೇಳಿದ್ದು ಒಬ್ಬರಿಂದ ಒಬ್ಬರಿಗೆ ದಾಟಿ, ಕೊನೆಗೆ ಗೋಡೆಯ ಕಿಂಡಿಯಲ್ಲಿಟ್ಟ ಕೊಳವೆಯ ಮೂಲಕ ಒಳಗೆ ಹೋಗಬೇಕು. ಆ ನೀರಿನ ಊರು, ಕಂಪೊಂಗ್ ಆಯೆರ್, ಇಂದಿಗೂ ಇದೆ. ಬೊರ್ನಿಯೊದ ಕಾಡುಗಳ ಕರ್ಪೂರ, ನಮ್ಮಲ್ಲಿ ಪಚ್ಚಕರ್ಪೂರ ಎನ್ನುವ ಬಗೆ, ಇಲ್ಲಿನ ಬೆಲೆಬಾಳುವ ಸರಕುಗಳಲ್ಲೊಂದಾಗಿತ್ತು. 1578ರಲ್ಲಿ ಸ್ಪೇನಿನವರು ಮನಿಲದಿಂದ ಬಂದು ನಗರವನ್ನು ಹಿಡಿದರೂ ಬಹಳ ದಿನ ನಿಲ್ಲಲಾಗಲಿಲ್ಲ.

ರಾಜ್ಯ ಕರಗತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ದಂಗೆ ಅಡಗಿಸಲು ನೆರವಾದ ಇಂಗ್ಲಿಷ್ ಸಾಹಸಿ ಜೇಮ್ಸ್ ಬ್ರೂಕ್‌ಗೆ 1841ರಲ್ಲಿ ಸರವಾಕ್‌ನ ಆಡಳಿತ ಸಿಕ್ಕಿತು. ಆಗ ಸರವಾಕ್ ಎಂದರೆ ಒಂದು ನದಿಯ ಆಸುಪಾಸು ಮಾತ್ರ. ಬ್ರೂಕ್ ಮನೆತನದ ‘ಬಿಳಿ ರಾಜರು’ ಅದನ್ನು ನದಿಯಿಂದ ನದಿಗೆ ಬೆಳೆಸಿದರು. 1846ರಲ್ಲಿ ಲಬುವಾನ್ ದ್ವೀಪ ಬ್ರಿಟಿಷರ ಪಾಲಾಯಿತು. ಈಶಾನ್ಯದ ನಾಡು, ಇಂದಿನ ಸಬಾ, ಒಂದು ಬ್ರಿಟಿಷ್ ಕಂಪನಿಯ ಕೈಸೇರಿತು. 1882ರಲ್ಲಿ ಬಾರಮ್ ನದಿಯ ಸೀಮೆ ಸರವಾಕ್‌ಗೆ ಹೋಯಿತು. ಉಳಿದದ್ದನ್ನು ಕಾಯುವುದಾಗಿ 1888ರಲ್ಲಿ ಬ್ರಿಟನ್ ರಕ್ಷಣೆಯ ಒಪ್ಪಂದ ಮಾಡಿಕೊಂಡಿತು. ಎರಡೇ ವರ್ಷಕ್ಕೆ, 1890ರಲ್ಲಿ, ಚಾರ್ಲ್ಸ್ ಬ್ರೂಕ್ ಲಿಂಬಾಂಗನ್ನು ಕಬಳಿಸಿದ. ಬ್ರಿಟನ್ ತಡೆಯಲಿಲ್ಲ, ಒಪ್ಪಿಗೆಯನ್ನೇ ಕೊಟ್ಟಿತು. ಪರಿಹಾರದ ಹಣವನ್ನು ಸುಲ್ತಾನ್ ಹಾಶಿಮ್ ಮುಟ್ಟಲಿಲ್ಲ. ಬ್ರೂನೈ ಮರೆಯದ ಗಾಯ ಇದು: ಕೊಟ್ಟದ್ದಲ್ಲ, ಕಿತ್ತುಕೊಂಡದ್ದು.

1906ರಿಂದ ಬ್ರಿಟಿಷ್ ರೆಸಿಡೆಂಟ್ ಆಡಳಿತ ಬಂತು. 1929ರಲ್ಲಿ ಸೆರಿಯಾದಲ್ಲಿ ತೈಲ ಸಿಕ್ಕಿ ಬಡ ಸಂಸ್ಥಾನದ ಹಣೆಬರಹ ಬದಲಾಯಿತು. ಎರಡನೆಯ ಮಹಾಯುದ್ಧದಲ್ಲಿ ನಡೆದ ಜಪಾನೀಯರ ಆಕ್ರಮಣದ ನಂತರ ಸರವಾಕ್ ಮತ್ತು ಉತ್ತರ ಬೊರ್ನಿಯೊ (ಇಂದಿನ ಸಬಾ) 1946ರಲ್ಲಿ ಬ್ರಿಟಿಷ್ ವಸಾಹತುಗಳಾದವು.

ಮಲಯದ (ಇಂದಿನ ಪಶ್ಚಿಮ ಮಲೇಷ್ಯದ) ಪ್ರಧಾನಿ ತುಂಕು ಅಬ್ದುಲ್ ರಹಮಾನ್ 1961ರ ಮೇ 27ರಂದು ಮಲಯ, ಸಿಂಗಪುರ ಮತ್ತು ಬೊರ್ನಿಯೊದ ಮೂರೂ ನಾಡುಗಳನ್ನು ಕೂಡಿಸುವ ವಿಚಾರ ಮುಂದಿಟ್ಟರು. ಸುಲ್ತಾನ್ ಮೂರನೆಯ ಒಮರ್ ಅಲಿ ಸೈಫುದ್ದೀನ್ ಒಲವು ತೋರಿದರು. ಎ. ಎಂ. ಅಜಹರಿಯ ಬ್ರೂನೈ ಪ್ರಜಾಪಕ್ಷಕ್ಕೆ ಬೇಕಿದ್ದುದು ಬೇರೆ: ಬೊರ್ನಿಯೊದ ಮೂರು ನಾಡುಗಳೇ ಒಂದಾಗಿ ಸುಲ್ತಾನರ ಹೆಸರಿನಲ್ಲಿ ಸ್ವತಂತ್ರವಾಗಬೇಕು. 1962ರ ಆಗಸ್ಟ್ ಚುನಾವಣೆಯಲ್ಲಿ 55 ಜಿಲ್ಲಾ ಸ್ಥಾನಗಳ ಪೈಕಿ 54 ಆ ಪಕ್ಷಕ್ಕೇ ಬಂದವು. ಡಿಸೆಂಬರ್ 8ರಂದು ದಂಗೆ ಎದ್ದಿತು. ಸಿಂಗಪುರದಿಂದ ಬಂದ ಬ್ರಿಟಿಷ್ ಮತ್ತು ಗೂರ್ಖಾ ಪಡೆಗಳು ಕೆಲವೇ ದಿನಗಳಲ್ಲಿ ಅದನ್ನು ಮುರಿದವು. ಅಂದು ಹೇರಿದ ತುರ್ತುಪರಿಸ್ಥಿತಿ ಎರಡೆರಡು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತಲೇ ಬಂದಿದೆ. ಮತ ಹಾಕಿದ ಜನರ ಮಾತು ಅಲ್ಲಿಗೇ ನಿಂತುಹೋಯಿತೆಂಬುದನ್ನು ಈ ಇತಿಹಾಸದಲ್ಲಿ ಮರೆಯುವಂತಿಲ್ಲ.

1963ರ ಜುಲೈ 9ರಂದು ಲಂಡನ್‌ನಲ್ಲಿ ಮಲೇಷ್ಯ ಒಪ್ಪಂದಕ್ಕೆ ಸಹಿ ಬಿತ್ತು. ಸುಲ್ತಾನರು ಅಲ್ಲೇ ಇದ್ದರೂ ಸಹಿ ಹಾಕಲಿಲ್ಲ. ತೈಲದ ಆದಾಯ ಯಾರ ಹಿಡಿತದಲ್ಲಿರಬೇಕು ಎಂಬುದು ಒಂದು ತಕರಾರು. ಮಲಯದ ಸುಲ್ತಾನರು ಸರದಿಯ ಮೇಲೆ ಒಕ್ಕೂಟದ ರಾಜರಾಗುವ ಪದ್ಧತಿಯಲ್ಲಿ ಬ್ರೂನೈ ಸುಲ್ತಾನರ ಹಿರಿತನ ಎಷ್ಟನೆಯದು ಎಂಬುದು ಇನ್ನೊಂದು. ಎರಡನೆಯದನ್ನು ಬರೀ ಪ್ರತಿಷ್ಠೆ ಎಂದು ತಳ್ಳಿಹಾಕುವುದು ಸರಿಯಲ್ಲ; ನೆಲದ ಬಹುಪಾಲನ್ನು ಕಳೆದುಕೊಂಡ ಮನೆತನಕ್ಕೆ ಉಳಿದಿದ್ದ ಆಸ್ತಿಯೇ ಆ ಹಿರಿತನ. ಸೆಪ್ಟೆಂಬರ್ 16ರಂದು ಬ್ರೂನೈ ಇಲ್ಲದೆಯೇ ಮಲೇಷ್ಯ ಹುಟ್ಟಿತು. ಸಿಂಗಪುರವೂ 1965ರಲ್ಲಿ ಹೊರಬಂತು.

ಒಮರ್ ಅಲಿ 1967ರಲ್ಲಿ ಮಗ ಹಸನಲ್ ಬೊಲ್ಕಿಯಾಗೆ ಪಟ್ಟ ಬಿಟ್ಟುಕೊಟ್ಟರು. ಆಮೇಲೆ ಅವರಿಗೆ ಸಂದ ಬಿರುದಿನಿಂದ ರಾಜಧಾನಿ ಬಂದರ್ ಸೆರಿ ಬೆಗವಾನ್ ಆಯಿತು. ನಮ್ಮ ‘ಶ್ರೀ’, ‘ಭಗವಾನ್’ ಅದರಲ್ಲಿವೆ. ಬ್ರೂನೈಯಲ್ಲಿ ಚುನಾವಣೆ ನಡೆಯಲಿ ಎಂದು ಮಲೇಷ್ಯ 1975ರಲ್ಲಿ ವಿಶ್ವಸಂಸ್ಥೆಯಲ್ಲಿ ದನಿಗೂಡಿಸಿದಾಗ ಮನಸ್ಸುಗಳು ಕೆಟ್ಟಿದ್ದವು. 1984ರ ಜನವರಿ 1ರಂದು ಬ್ರೂನೈ ಸ್ವತಂತ್ರವಾಗಿ ಅದೇ ವಾರ ಆಸಿಯಾನ್ ಸೇರಿದ ಮೇಲೆ ನೆರೆಹೊರೆ ತಿಳಿಯಾಯಿತು. ಕಡಲ ಗಡಿ, ನೆಲದ ಗಡಿಗಳ ಬಗ್ಗೆ 2009ರಲ್ಲಿ ಪತ್ರ ವಿನಿಮಯವಾಯಿತು. ಲಿಂಬಾಂಗ್ ಮಲೇಷ್ಯದಲ್ಲೇ ಉಳಿಯಿತು.

ಹೀಗಾಗಿ ರಾಜಧಾನಿಯವರು ತಮ್ಮದೇ ದೇಶದ ತೆಂಬುರೊಂಗ್ ಜಿಲ್ಲೆಗೆ ರಸ್ತೆಯಲ್ಲಿ ಹೋಗಬೇಕಾದರೆ ಪಾಸ್‌ಪೋರ್ಟ್ ಹಿಡಿದು ಲಿಂಬಾಂಗ್ ದಾಟಬೇಕಿತ್ತು; ಇಲ್ಲವೇ ದೋಣಿ. 2020ರ ಮಾರ್ಚ್‌ನಲ್ಲಿ ಬ್ರೂನೈ ಕೊಲ್ಲಿಯ ಮೇಲೆ ಹಾಯುವ ಸುಮಾರು 30 ಕಿಲೋಮೀಟರ್ ಸೇತುವೆ ಸಂಚಾರಕ್ಕೆ ತೆರೆಯಿತು. ಅದಕ್ಕಿಟ್ಟ ಹೆಸರು ಸುಲ್ತಾನ್ ಒಮರ್ ಅಲಿ ಸೈಫುದ್ದೀನರದು.