ದಾಖಲೆಯಲ್ಲಿ ಖರಾಬು, ನೆಲದಲ್ಲಿ ಜಲಾನಯನ: ಮಂಚೇನಹಳ್ಳಿ ಸುತ್ತಲಿನ ಬಂಡೆಬೆಟ್ಟಗಳ ಭೂದೃಶ್ಯ

ಸಾರಾಂಶ

ಚಿಕ್ಕಬಳ್ಳಾಪುರ ಜಿಲ್ಲೆಯ ಮಂಚೇನಹಳ್ಳಿ ಸುತ್ತಲಿನ ಕುರುಚಲು ಬೆಟ್ಟಗಳು ಸರ್ಕಾರಿ ದಾಖಲೆಗಳಲ್ಲಿ ಖರಾಬು, ಗೋಮಾಳ, ಅರಣ್ಯ ಎಂದು ಬೇರೆ ಬೇರೆ ಶೀರ್ಷಿಕೆಗಳಲ್ಲಿ ಹಂಚಿಹೋಗಿವೆ. ಈ ಲೇಖನ ಅವನ್ನು ಬುಡದ ಕುಂಟೆ, ಕೆರೆ, ಹೊಲಗಳ ಜೊತೆಗೆ ಒಂದೇ ಭೂದೃಶ್ಯವಾಗಿ ಓದುತ್ತದೆ; ಹೋಲಿಕೆಗೆ ಉತ್ತರ ಇಂಗ್ಲೆಂಡಿನ ಪೆನ್ನೈನ್ಸ್ ಬೆಟ್ಟಸಾಲಿನ ಮೂರ್ ಎಂಬ ಎತ್ತರದ ಪೊದೆನೆಲವನ್ನು ಇಟ್ಟುಕೊಳ್ಳುತ್ತದೆ. ಆಡಳಿತದ ಕಣ್ಣಿಗೆ ಎರಡೂ ಬಹುಕಾಲ ಪಾಳು ನೆಲಗಳೇ. ನೀರಿನ ವಿಷಯದಲ್ಲಿ ಮಾತ್ರ ಅವು ತದ್ವಿರುದ್ಧ: ಅಲ್ಲಿಯ ನೆಲ ನೀರನ್ನು ತಡೆದಿಡುತ್ತದೆ, ಇಲ್ಲಿಯದು ಕೆಳಕ್ಕೆ ಬಿಟ್ಟುಕೊಡುತ್ತದೆ. ಆದ್ದರಿಂದ ಇಲ್ಲಿ ಬೆಟ್ಟದ ಬೆಲೆಯನ್ನು ಬೆಟ್ಟದ ಮೇಲಲ್ಲ, ಅದರ ಬುಡದ ಕೆರೆಯಲ್ಲಿ ಅಳೆಯಬೇಕು ಎಂಬುದು ಲೇಖನದ ವಾದ.

1. ವ್ಯಾಪ್ತಿ ಮತ್ತು ವಿಧಾನ

ಗೌರಿಬಿದನೂರು ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಮಂಚೇನಹಳ್ಳಿ ಈಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ. 2007ರವರೆಗೆ ಈ ಸೀಮೆಯೆಲ್ಲ ಕೋಲಾರ ಜಿಲ್ಲೆಗೆ ಸೇರಿತ್ತು. ದಕ್ಷಿಣಕ್ಕೆ ನಂದಿ ಬೆಟ್ಟಸಾಲು, ಉತ್ತರಕ್ಕೆ ಹಿಂದೂಪುರದ ಕಡೆಗೆ ಇಳಿಯುವ ಬಯಲು, ನಡುವೆ ಒಂಟಿ ಗುಡ್ಡಗಳು ಮತ್ತು ಬೋಳು ಬಂಡೆಗಳು. ಕನ್ನಡ, ತೆಲುಗು ಎರಡನ್ನೂ ಆಡುವ ಊರುಗಳಾದ್ದರಿಂದ ಒಂದೇ ಎತ್ತರ ಒಬ್ಬರ ಬಾಯಲ್ಲಿ ಗುಡ್ಡ, ಇನ್ನೊಬ್ಬರ ಬಾಯಲ್ಲಿ ಕೊಂಡ.

ಡಬ್ಲ್ಯು.ಜಿ. ಹಾಸ್ಕಿನ್ಸ್ 1955ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಭೂದೃಶ್ಯದ ಅಧ್ಯಯನ, ನೆಲವನ್ನೇ ದಾಖಲೆಯಾಗಿ ಓದುವ ವಿಧಾನಕ್ಕೆ ದಾರಿ ಹಾಕಿತು: ಬೇಲಿ, ಕಾಲುದಾರಿ, ಪಾಳುಬಿದ್ದ ಊರು ಎಲ್ಲವೂ ಅಲ್ಲಿ ಆಧಾರಗಳು. ನಮ್ಮಲ್ಲಿ ಶಾಸನ, ಗ್ರಾಮನಕ್ಷೆ, ಕೆರೆಸರಣಿಗಳನ್ನು ಬೇರೆ ಬೇರೆಯಾಗಿ ಓದುವ ಪರಂಪರೆ ಗಟ್ಟಿಯಾಗಿದೆ. ಒಟ್ಟಿಗೆ ಓದುವುದು ಕಡಿಮೆ. ಇಲ್ಲಿ ಭೂವಿಜ್ಞಾನ, ಶಾಸನ, ಕಂದಾಯ ಕಾನೂನು ಮೂರನ್ನೂ ಒಂದೇ ನೆಲದ ಮೇಲೆ ಇಟ್ಟು ನೋಡಲಾಗಿದೆ.

2. ಬಂಡೆ, ಮಣ್ಣು, ನೀರು

ಪೂರ್ವ ಧಾರವಾಡ ಶಿಲಾಪ್ರಸ್ತರಕ್ಕೆ ಸೇರಿದ ಇಲ್ಲಿಯ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1478 ಮೀಟರ್. ಗೌರಿಬಿದನೂರಿನ ಬಯಲು ಅದರ ಅರ್ಧದಷ್ಟು ಎತ್ತರದಲ್ಲಿದೆ. ಪೆನ್ನೈನ್ಸ್ ಸಾಲಿನ ಅತ್ಯುನ್ನತ ಶಿಖರ ಕ್ರಾಸ್ ಫೆಲ್ 893 ಮೀಟರ್ ಮಾತ್ರ. ಆದರೆ ಅಲ್ಲಿಯ ಮೂರ್ ಹೌಸ್ ಸಂರಕ್ಷಿತ ನೆಲದಲ್ಲಿ ವರ್ಷಕ್ಕೆ 2000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಇಲ್ಲಿ ಬೀಳುವುದು 700 ಮಿ.ಮೀ. ಆಸುಪಾಸು, ಅದೂ ಬಹುಪಾಲು ಜೂನ್‌ನಿಂದ ನವೆಂಬರ್‌ವರೆಗೆ.

ಈ ವ್ಯತ್ಯಾಸಕ್ಕಿಂತ ಮುಖ್ಯವಾದುದು ಮಳೆ ಬಿದ್ದ ಮೇಲೆ ಆಗುವ ಸಂಗತಿ. ಪೆನ್ನೈನ್ಸ್‌ನ ಚಳಿ, ತೇವಗಳಲ್ಲಿ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಗಟ್ಟಿ ಪೀಟ್ ಎಂಬ ಕಪ್ಪು ನೆಲವಾಗಿದೆ. ಅದರ ತೂಕದಲ್ಲಿ ಬಹುಪಾಲು ನೀರೇ. ಟೀಸ್, ವೇರ್, ಟೈನ್ ನದಿಗಳು ಈ ಎತ್ತರದಿಂದಲೇ ಹೊರಡುತ್ತವೆ. ಮಂಚೇನಹಳ್ಳಿ ಕಡೆಯ ಬೆಟ್ಟದಲ್ಲಿ ಅಂಥ ಹೊದಿಕೆಯಿಲ್ಲ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ದೊಣೆಗಳಲ್ಲಿ ಒಂದಿಷ್ಟು ನಿಂತು, ಉಳಿದದ್ದು ಗಳಿಗೆಯೊಳಗೆ ಬುಡ ಸೇರುತ್ತದೆ. ಬುಡದಲ್ಲಿ ಶಿಥಿಲಗೊಂಡ ಗ್ರಾನೈಟಿನ ಮೊರಂ ಪದರ ಸ್ವಲ್ಪ ನೀರನ್ನು ಹೀರುತ್ತದೆ. ಮಿಕ್ಕದ್ದನ್ನು ಹಿಡಿಯಲು ಮನುಷ್ಯ ಪ್ರಯತ್ನವೇ ಬೇಕು.

ಆ ಪ್ರಯತ್ನವೇ ಕೆರೆಸರಣಿ. ಬೆಟ್ಟದ ಬುಡದ ಕುಂಟೆ ತುಂಬಿ ಕೆಳಗಿನ ಕೆರೆಗೆ, ಆ ಕೆರೆಯ ಕೋಡಿ ಹರಿದು ಅದರ ಕೆಳಗಿನ ಕೆರೆಗೆ ನೀರು ಸಾಗುತ್ತದೆ. ತೂಬು ಎತ್ತುವುದು, ಸರದಿ ನೋಡಿ ಗದ್ದೆಗೆ ನೀರು ಕಟ್ಟುವುದು ನೀರಗಂಟಿಯ ಕೆಲಸ. ಪೆನ್ನೈನ್ಸ್‌ನಲ್ಲಿ ಪೀಟ್ ಮಾಡುವ ಕೆಲಸವನ್ನು ಇಲ್ಲಿ ಊರು ಕಟ್ಟೆ ಹಾಕಿ ಮಾಡಿತು. ಹೀಗಾಗಿ ಬೋಳು ಬಂಡೆ ಈ ವ್ಯವಸ್ಥೆಯ ಕೊರತೆಯಲ್ಲ, ಅದರ ಮೊದಲ ಅಂಗ: ಮಳೆ ಕಡಿಮೆಯಿರುವ ಸೀಮೆಯಲ್ಲಿ ಬಿದ್ದ ನೀರನ್ನು ಹೀರಿಕೊಳ್ಳದೆ ಒಟ್ಟುಮಾಡಿ ಕಳಿಸುವ ಮೈ ಇದ್ದರೆ ಮಾತ್ರ ಕೆರೆ ತುಂಬುತ್ತದೆ.

ಇದೇ ನೀರು ಮುಂದೆ ಅಂತರರಾಜ್ಯ ವಿಷಯವೂ ಆಗುತ್ತದೆ. ನಂದಿಸಾಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು, ಹಿಂದೂಪುರ ದಾಟಿ, 597 ಕಿ.ಮೀ. ಹರಿದು ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಸೇರುತ್ತದೆ. ಮೈಸೂರು, ಮದ್ರಾಸುಗಳ ನಡುವಿನ 1892ರ ಒಪ್ಪಂದದ ನದಿಪಟ್ಟಿಯಲ್ಲಿ ಕಾವೇರಿಯ ಜೊತೆಗೆ ಈ ನದಿಯೂ ಇತ್ತು. ಪಟ್ಟಿಯ ನದಿಗಳಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಮೈಸೂರು ಸರ್ಕಾರ ಮದ್ರಾಸಿನ ಒಪ್ಪಿಗೆ ಪಡೆಯಬೇಕಿತ್ತು. ನೀರು ಬೆಟ್ಟ ಇಳಿದ ಮೇಲೆ ಅದಕ್ಕೆ ಹಕ್ಕುದಾರರನ್ನು ಗುರುತಿಸಿದ ಆಡಳಿತ, ಅದನ್ನು ಇಳಿಸಿಕೊಟ್ಟ ಬೆಟ್ಟವನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

3. ಮೇವು ಮತ್ತು ವೀರಗಲ್ಲು

ಬೆಟ್ಟದ ಎರಡನೆಯ ಕೊಡುಗೆ ಮೇವು. ಬಂಡೆಗಳ ಸಂದಿಯಲ್ಲಿ ಬಂದರಿಕೆ, ತಂಗಡಿ, ಕಾರೆ, ಕಳ್ಳಿ, ಸೀತಾಫಲ. ಇಳಿಜಾರಿನಲ್ಲಿ ಬಾದೆ ಹುಲ್ಲು. ಹಗಲೆಲ್ಲ ಗುಡ್ಡದಲ್ಲಿ ಮೇದ ಕುರಿಮಂದೆಯನ್ನು ರಾತ್ರಿ ರಾಗಿ ಹೊಲದಲ್ಲಿ ಕೂಡಿಸಿ ಗೊಬ್ಬರ ಪಡೆಯುವುದು ಒಣಬೇಸಾಯದ ಹಳೆಯ ಪದ್ಧತಿ. ಬೆಟ್ಟದ ಸಾರ ಹೊಲಕ್ಕೆ ಇಳಿಯುತ್ತಿದ್ದ ಇನ್ನೊಂದು ದಾರಿ ಇದು.

ಈ ಮೇವಿಗೆ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಸಾಕ್ಷಿ ಕಲ್ಲಿನಲ್ಲಿದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ (1905) ಹಳೆಯ ಕೋಲಾರ ಜಿಲ್ಲೆಯ ಶಾಸನಗಳನ್ನು ಒಳಗೊಂಡಿದೆ. ಗಂಗ, ಬಾಣ, ನೊಳಂಬರ ಕಾಲದ ಈ ಗಡಿಸೀಮೆಯಲ್ಲಿ ತುರುಗಳನ್ನು ಬಿಡಿಸಿಕೊಳ್ಳುವ ಕಾಳಗದಲ್ಲಿ ಸತ್ತವರ ವೀರಗಲ್ಲುಗಳು ಅಪರೂಪವಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಎತ್ತರದ ನೆಲದಲ್ಲೂ 16ನೆಯ ಶತಮಾನದವರೆಗೆ ದನಗಳ್ಳತನವೇ ರಾಜಕೀಯವಾಗಿತ್ತು. ಕೆಳಗೆ ದನ, ಮೇಲೆ ಮನೆಮಂದಿ ಇರುವಂತೆ ಕಟ್ಟಿದ ದಪ್ಪಗೋಡೆಯ ಬಾಸ್ಟಲ್ ಮನೆಗಳು ನಾರ್ಥಂಬರ್ಲೆಂಡಿನಲ್ಲಿ ಇಂದೂ ಇವೆ. ಅವರು ಗೋಡೆ ಕಟ್ಟಿದರು, ನಮ್ಮವರು ಸತ್ತವನಿಗೆ ಕಲ್ಲು ನೆಟ್ಟರು. ಎರಡೂ ಕಡೆ ಸಾಮಾನ್ಯವಾದ ಸಂಗತಿಯೆಂದರೆ, ಈ ಎತ್ತರದ ನೆಲಗಳ ಮೇಲೆ ಬದುಕಿದವರು ಅವುಗಳನ್ನು ಪಾಳೆಂದು ಎಣಿಸಿರಲಿಲ್ಲ.

4. ಪಾಳು ಎಂಬ ವರ್ಗ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಉಳುಮೆಗೆ ಬಾರದ ಸಾಮುದಾಯಿಕ ನೆಲವನ್ನು ಸುಧಾರಿಸಬೇಕಾದ ನೆಲವೆಂದು ನೋಡುವ ವಿಚಾರ ಬಲಗೊಂಡಿತು; 1793ರಲ್ಲಿ ಸ್ಥಾಪನೆಯಾದ ಕೃಷಿ ಮಂಡಳಿ ಅದರ ಪ್ರಬಲ ವಕ್ತಾರನಾಯಿತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಕಂದಾಯ ಸರ್ವೆಯೂ ನೆಲವನ್ನು ಅಳೆದದ್ದು ಉಳುಮೆಯ ಅಳತೆಗೋಲಿನಿಂದಲೇ. ಇಂದಿನ ಕರ್ನಾಟಕ ಭೂಕಂದಾಯ ನಿಯಮಗಳು (1966) ಆ ವಿಂಗಡಣೆಯನ್ನು ಮುಂದುವರಿಸಿವೆ: ಉಳುಮೆಗೆ ಬಾರದ್ದು ಎ ಖರಾಬು, ದಾರಿ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು ಬಿ ಖರಾಬು. ಅದೇ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರ್ ಲೆಕ್ಕದಲ್ಲಿ ಗೋಮಾಳ ಬಿಡಬೇಕೆನ್ನುತ್ತವೆ. ಕೆರೆಯ ಅಂಗಳಕ್ಕೆ ದಾಖಲೆಯಲ್ಲಿ ಜಾಗವಿದೆ. ಆ ಅಂಗಳಕ್ಕೆ ನೀರು ಕಳಿಸುವ ಬಂಡೆಗೆ ಜಲಾನಯನ ಎಂಬ ಹೆಸರಿನಲ್ಲಿ ಜಾಗವಿಲ್ಲ. 2000ದಲ್ಲಿ ಮೊದಲು ಪ್ರಕಟವಾದ ಭಾರತದ ಪಾಳುಭೂಮಿ ಅಟ್ಲಾಸಿನಲ್ಲೂ ಬೋಳು ಬಂಡೆಯ ನೆಲ, ಕುರುಚಲು ನೆಲ ಎರಡೂ ಪಾಳಿನ ಬಗೆಗಳೇ.

ವರ್ಗೀಕರಣದ ಪರಿಣಾಮ ಕಾಗದದಲ್ಲಿ ನಿಲ್ಲುವುದಿಲ್ಲ. ಒಣಪ್ರದೇಶಗಳ ಸಾಮುದಾಯಿಕ ನೆಲ ಎಷ್ಟರಮಟ್ಟಿಗೆ ಕುಗ್ಗುತ್ತಿದೆ, ಬಡಕುಟುಂಬಗಳು ಅದನ್ನು ಎಷ್ಟು ನೆಚ್ಚಿವೆ ಎಂಬುದನ್ನು ಎನ್.ಎಸ್. ಜೋಧಾ 1986ರಲ್ಲಿ ತೋರಿಸಿದರು. ಜಗಪಾಲ್ ಸಿಂಗ್ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್ ಗ್ರಾಮದ ಸಾಮುದಾಯಿಕ ನೆಲಗಳ ಒತ್ತುವರಿ ತೆರವಿಗೆ ರಾಜ್ಯಗಳಿಗೆ ಸೂಚಿಸಿತು. ಇಂಗ್ಲೆಂಡಿನಲ್ಲಿ 1965ರ ಕಾಯ್ದೆ ಉಳಿದ ಸಾಮುದಾಯಿಕ ನೆಲಗಳನ್ನೂ ಅವುಗಳ ಮೇಯಿಸುವ ಹಕ್ಕುಗಳನ್ನೂ ನೋಂದಣಿ ಮಾಡಿಸಿತು. ಅಲ್ಲಿ ಯಾವ ರೈತ ಎಷ್ಟು ಕುರಿ ಬಿಡಬಹುದು ಎಂಬುದು ಬರವಣಿಗೆಯಲ್ಲಿದೆ. ಇಲ್ಲಿ ಗೋಮಾಳದ ವಿಸ್ತೀರ್ಣ ಬರೆಯಲಾಗಿದೆ, ಮೇಯಿಸುವವರ ಹೆಸರಲ್ಲ.

5. ಖಾಲಿಯನ್ನು ತುಂಬುವ ಯತ್ನಗಳು

ಪಾಳೆಂದು ಕರೆದ ಮೇಲೆ ತುಂಬುವ ಉತ್ಸಾಹ ಬರುತ್ತದೆ. ನಾರ್ಥಂಬರ್ಲೆಂಡಿನ ಕೀಲ್ಡರ್ ಮೂರ್‌ನಲ್ಲಿ 1926ರಿಂದ ಉತ್ತರ ಅಮೆರಿಕ ಮೂಲದ ಸಿಟ್ಕಾ ಸ್ಪ್ರೂಸ್ ನೆಡುತೋಪು ಎದ್ದಿತು. ಎರಡನೆಯ ಮಹಾಯುದ್ಧದ ನಂತರ ಮೇವು ಹೆಚ್ಚಿಸಲೆಂದು ಪೀಟ್‌ನಲ್ಲಿ ಸಹಾಯಧನ ಕೊಟ್ಟು ಕಾಲುವೆ ತೋಡಿಸಿದರು; ನೆಲ ಒಣಗಿ ಸವೆಯತೊಡಗಿದ್ದರಿಂದ ಈಗ ಮತ್ತೆ ಹಣ ಕೊಟ್ಟು ಅವನ್ನೇ ಮುಚ್ಚಿಸುತ್ತಿದ್ದಾರೆ.

ನಮ್ಮ ಕಡೆ ಆ ಪಾತ್ರ ನೀಲಗಿರಿಯದು. ಆಸ್ಟ್ರೇಲಿಯದ ಈ ಮರವನ್ನು ಭಾರತದಲ್ಲಿ ಮೊದಲು, ಸುಮಾರು 1790ರಲ್ಲಿ, ಟಿಪ್ಪು ಸುಲ್ತಾನ್ ಬೆಳೆಸಿದ್ದು ನಂದಿಬೆಟ್ಟದ ತೋಟದಲ್ಲೇ ಎಂದು ಅರಣ್ಯ ಸಾಹಿತ್ಯ ಹೇಳುತ್ತದೆ. ಸುಮಾರು ಎರಡು ಶತಮಾನದ ನಂತರ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅದು ಕೋಲಾರ ಸೀಮೆಯ ಹೊಲ, ಗೋಮಾಳಗಳಿಗೆ ಹಬ್ಬಿತು. ರಾಗಿ ಬೆಳೆಯುವ ಹೊಲ ನೀಲಗಿರಿ ತೋಪಾದರೆ ಆಹಾರ, ಕೂಲಿ ಎರಡೂ ಕುಗ್ಗುತ್ತವೆ ಎಂದು ವಂದನಾ ಶಿವ, ಶರತ್‌ಚಂದ್ರ, ಬಂದ್ಯೋಪಾಧ್ಯಾಯರ 1981ರ ಕೋಲಾರ ಅಧ್ಯಯನ ಎಚ್ಚರಿಸಿತ್ತು. ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವಿಕೆಯನ್ನು ನಿಷೇಧಿಸಿದ್ದು 2017ರಲ್ಲಿ.

ಹಸಿರು ಹೊದಿಸುವುದೇ ಉಪಕಾರವೆಂಬ ನಂಬಿಕೆ ಜೀವಿಗಳ ವಿಷಯದಲ್ಲೂ ಸೋಲುತ್ತದೆ. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಬಂಡೆ-ಕುರುಚಲು ಬೆಟ್ಟಗಳಲ್ಲಿ ಮಾತ್ರ ಇರುವ, ಅಳಿವಿನಂಚಿನತ್ತ ಸರಿಯುತ್ತಿರುವ ಹಕ್ಕಿ. ನಂದಿಸಾಲು ಅದರ ಹೆಸರುವಾಸಿ ನೆಲೆ. ಹೀದರ್ ಪೊದೆ ಇಲ್ಲದೆ ಮೂರ್‌ನ ಕೆಂಪು ಗ್ರೌಸ್ ಹಕ್ಕಿ ಹೇಗಿರದೋ, ಬಂಡೆಸಂದಿಯ ಕುರುಚಲಿಲ್ಲದೆ ಈ ಪಿಕಳಾರವೂ ಇರದು.

ಪಾಳೆಂದು ಕರೆದ ನೆಲದ ಮೇಲಿನ ಇನ್ನೊಂದು ಒತ್ತಡ ಕಲ್ಲುಗಣಿ. ಮರ ಕಡಿದರೆ ಮತ್ತೆ ಬೆಳೆದೀತು, ಬಂಡೆ ಬೆಳೆಯದು. ಬಂಡೆಯ ಇಳುಕಲನ್ನು ಕಿತ್ತು ಹೊಂಡ ಮಾಡಿದರೆ ನೀರು ಹೊಂಡದಲ್ಲೇ ನಿಲ್ಲುತ್ತದೆ, ಕೆಳಗಿನ ಕುಂಟೆಗೆ ಬರುವುದಿಲ್ಲ. ಇದರ ಜೊತೆಗೆ ಜೀವಾಪಾಯವೂ ಇದೆ: 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಕಲ್ಲುಗಣಿಗೆ ಬಳಸುವ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯಲ್ಲಿ ಸುಣ್ಣಕಲ್ಲಿನ ಬೋಳು ಹಾಸುಗಳನ್ನು ಕೀಳದಂತೆ ತಡೆಯುವ ಆದೇಶಕ್ಕೆ ಅವಕಾಶವಿದೆ; ಯಾರ್ಕ್‌ಷೈರಿನ ಹಾಸುಗಳು ಹಾಗೆ ಉಳಿದಿವೆ. ನಮ್ಮಲ್ಲಿ ಅಂಥದೇ ಬೋಳು ಕಲ್ಲು 1994ರ ಉಪಖನಿಜ ನಿಯಮಗಳಡಿ ಗುತ್ತಿಗೆಗೆ ಸಿಗುವ ಸರಕು.

6. ನಿಶ್ಶಬ್ದದ ಉಪಯೋಗ

ಈ ನೆಲದ ಗುಣವನ್ನು ಸರಿಯಾಗಿ ಗುರುತಿಸಿದವರು ಕೃಷಿ ತಜ್ಞರಲ್ಲ, ಭೂಕಂಪ ವಿಜ್ಞಾನಿಗಳು. ದೂರದ ಅಣುಸ್ಫೋಟಗಳನ್ನು ಪತ್ತೆಹಚ್ಚಲು ಬ್ರಿಟನ್ನಿನ ನೆರವಿನಿಂದ 1965ರಲ್ಲಿ ಗೌರಿಬಿದನೂರಿನಲ್ಲಿ ಎಲ್ ಆಕಾರದ ಕಂಪನಮಾಪಕ ಜಾಲ ಆರಂಭವಾಯಿತು. ಅದೇ ಮಾದರಿಯ ಇನ್ನೊಂದು ಜಾಲ ಇಂಗ್ಲೆಂಡ್ ಗಡಿಗೆ ಹತ್ತಿರದ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎತ್ತರದಲ್ಲಿದೆ (1962). ಗಟ್ಟಿ ಶಿಲೆ, ಜನ ಮತ್ತು ಯಂತ್ರಗಳ ಗದ್ದಲ ಕಡಿಮೆ: ಎರಡೂ ಕಡೆ ಆಯ್ಕೆಗೆ ಇದೇ ಕಾರಣ. ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ರೇಡಿಯೊ ದೂರದರ್ಶಕವೂ ಗೌರಿಬಿದನೂರಿನ ಬಳಿಯೇ ನೆಲೆಗೊಂಡಿತು. ಹೀಗೆ ಏನೂ ಕಟ್ಟದೆ ಬಿಟ್ಟ ನೆಲಕ್ಕೇ ಒಂದು ಉಪಯೋಗವಿದೆ ಎಂಬುದನ್ನು ವಿಜ್ಞಾನ ಒಪ್ಪಿದೆ. ಕಂದಾಯ ದಾಖಲೆ ಇನ್ನೂ ಒಪ್ಪಿಲ್ಲ.

7. ಉಪಸಂಹಾರ

ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರು ಇಂದು ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿದೆ. ಪಶ್ಚಿಮಘಟ್ಟದ ನೀರು ತರುವ ಎತ್ತಿನಹೊಳೆ ಯೋಜನೆಯೂ ಈ ಜಿಲ್ಲೆಗಳ ಹೆಸರಿನಲ್ಲೇ ಹೊರಟಿದೆ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಗ್ರಾನೈಟಿನ ಫ್ಲೋರೈಡ್ ಕುಡಿಯುವ ನೀರಿನಲ್ಲಿ ಕಾಣಿಸಿಕೊಂಡಿರುವಾಗ ಇಂಥ ಯೋಜನೆಗಳ ಒತ್ತಾಯ ಅರ್ಥವಾಗುವಂಥದು. ಆದರೆ ದೂರದ ನೀರನ್ನು ಪಂಪುಮಾಡಿ ತುಂಬುವ ಕೆರೆಗೂ ತನ್ನ ಬೆಟ್ಟದಿಂದ ಇಳಿಯುವ ದಾರಿಯಿದ್ದರೆ ಅದನ್ನು ಮೊದಲು ಉಳಿಸಿಕೊಳ್ಳಬೇಕು.

ಇದಕ್ಕೆ ಎರಡು ಬದಲಾವಣೆಗಳು ಅಗತ್ಯ. ಒಂದು, ಕೆರೆಯ ದಾಖಲೆಯಲ್ಲಿ ಅದರ ಅಂಗಳದ ಜೊತೆಗೆ ನೀರು ಕೊಡುವ ಬಂಡೆ, ಇಳಿಜಾರು, ರಾಜಕಾಲುವೆಗಳ ಸರ್ವೆ ನಂಬರುಗಳೂ ಸೇರಬೇಕು. ಎರಡು, ಗಣಿ ಗುತ್ತಿಗೆ, ನೆಡುತೋಪು, ಭೂಮಂಜೂರಾತಿಗಳ ಪರಿಶೀಲನೆಯ ಘಟಕ ಒಂಟಿ ಸರ್ವೆ ನಂಬರಲ್ಲ, ಇಡೀ ಜಲಾನಯನವಾಗಬೇಕು. ಪೆನ್ನೈನ್ಸ್‌ನ ಅನುಭವ ನಮಗೆ ಮಾದರಿಯಲ್ಲ, ಏಕೆಂದರೆ ಅಲ್ಲಿ ಕಾಪಾಡಬೇಕಾದದ್ದು ನೀರು ನಿಲ್ಲುವ ನೆಲ, ಇಲ್ಲಿ ನೀರು ಜಾರುವ ನೆಲ. ಅದು ಕೊಡುವ ಪಾಠ ಒಂದೇ: ಎತ್ತರದ ನೆಲವನ್ನು ಅದು ಬೆಳೆಯದ ಬೆಳೆಯಿಂದ ಅಳೆದವರು, ಅದು ಮಾಡುತ್ತಿದ್ದ ಕೆಲಸವನ್ನು ಕೆಡಿಸಿ, ಮುಂದಿನ ತಲೆಮಾರಿನಲ್ಲಿ ಅದೇ ಕೆಲಸಕ್ಕೆ ಹಣ ತೆರುತ್ತಾರೆ.