ಕಾವಲಿನ ಕಥೆ ಯಾವ ಕಡತದಲ್ಲಿದೆ?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅವನ್ನು ಬರೆದ ಲಿಪಿಕಾರನ ಹೆಸರು ಚಪಡ ಎಂಬುದೂ ಇಪ್ಪತ್ತೆರಡು ಶತಮಾನ ದಾಟಿ ನಮ್ಮನ್ನು ತಲುಪಿದೆ. ಅಲ್ಲಿಂದ ಚಳ್ಳಕೆರೆಯ ಕಡೆಗೆ ಬಂದರೆ ಸಿಗುವ ಹುಲ್ಲುಗಾವಲಿಗೆ ಮಾತ್ರ ಅಂಥ ಭಾಗ್ಯವಿಲ್ಲ.

ಬರಡು ಬಯಲಿನಂತೆ ಕಾಣುವ ಅಮೃತಮಹಲ್ ಕಾವಲು ತಾನಾಗಿ ಬೆಳೆದ ಕಾಡುಜಾಗವಲ್ಲ, ಲೆಕ್ಕ ಹಾಕಿ ರೂಪಿಸಿದ ನೆಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟು, ರಾಸುಗಳ ಪಾಲನೆಗೆ ಹುಕುಂನಾಮೆ ಹೊರಡಿಸಿದ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಕಾವಲು. ಬೇಸಿಗೆಯದಕ್ಕೆ ನೀರು, ನೆರಳು ಎರಡೂ ಬೇಕು. ಆದ್ದರಿಂದ ಅದಕ್ಕೇ ಬೆಲೆ ಹೆಚ್ಚು. 1799ರ ನಂತರ ಸೈನ್ಯದ ಸಾಗಣೆಗಾಗಿ ಬ್ರಿಟಿಷರು ಈ ಏರ್ಪಾಡನ್ನು ಉಳಿಸಿಕೊಂಡರು. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡನ್ನೇ ಮಾರಿ, 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಮಿತವ್ಯಯದ ಫಲ!

ಇವೆಲ್ಲ ಸರ್ಕಾರದ ಕಾಗದಗಳು ಹೇಳುವ ಕಥೆ. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಚಳ್ಳಕೆರೆ ಕಂಬಳಿಗೆ ಉಣ್ಣೆ ಕೊಡುವ ಕುರಿಗಳು ಇದೇ ಹುಲ್ಲನ್ನು ನಂಬಿದವು. ಅವರ ದಾಖಲೆ ಬಾಯಲ್ಲಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಅರಿಯದೆಯೇ ಸಾವಿರಾರು ಹಾಡು ಹಾಡಿದರು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದ್ದರಿಂದ ಉಳಿದವು.

ಬಾಯಿಮಾತಿನ ದಾಖಲೆಗೆ ಕಚೇರಿಯಲ್ಲಿ ಬೆಲೆಯೆಷ್ಟು? 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರ, ಬೆಳೆ ಎಲ್ಲಕ್ಕೂ ಅಲ್ಲಿ ಕಾಲಂ ಇದೆ. ದನ ನಡೆದ ದಾರಿಗೆ ಇಲ್ಲ. 2008ರಿಂದೀಚೆಗೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಸುಮಾರು 10 ಸಾವಿರ ಎಕರೆ ಮಂಜೂರಾದ ಸುದ್ದಿ ಎಷ್ಟೋ ಹಳ್ಳಿಗರಿಗೆ ತಿಳಿದದ್ದು ಗೋಡೆ ಎದ್ದಾಗ. 2013ರಲ್ಲಿ ಹಸಿರು ನ್ಯಾಯಮಂಡಳಿ ಸತ್ಯಶೋಧನಾ ಸಮಿತಿಯನ್ನು ನೇಮಿಸಿತು. ತಲೆಮಾರುಗಳಿಂದ ಮೇಯಿಸಿದ್ದಕ್ಕೆ ಕಾಗದ ತರುವುದೆಲ್ಲಿಂದ?

ಕಾವಲಿಗೊಂದು ಪತ್ರಾಗಾರ ಕಟ್ಟುವುದಾದರೆ ಹುಕುಂನಾಮೆ, ಹಳೆಯ ಸರ್ವೆ ನಕ್ಷೆಗಳ ಪಕ್ಕದಲ್ಲೇ ಕಿಲಾರಿಗಳ ಮಾತಿನ ಧ್ವನಿಮುದ್ರಣವೂ ಇರಬೇಕಾಗುತ್ತದೆ: ಯಾವ ತಿಂಗಳು ಯಾವ ಕಟ್ಟೆಯಲ್ಲಿ ನೀರು, ಯಾವ ಹುಲ್ಲು ಎಲ್ಲಿ, ಗೋಡೆ ಬರುವ ಮುನ್ನ ದಾರಿ ಎಲ್ಲಿ ತಿರುಗುತ್ತಿತ್ತು. ಆ ದಾರಿಯಲ್ಲಿ ನಡೆದವರಿಗೆ ಈಗಾಗಲೇ ವಯಸ್ಸಾಗಿದೆ.